ಸೊಪ್ಪು ಬಿಡಿಸುವುದೋ, ಮುಳ್ಳು ತೆಗೆಯುವುದೋ

ಅವರು ಮೊದಲ ಸಲ ನಮ್ಮ ಸೆಂಟರಿಗೆ ಬಂದ ದಿನ, ಒಳಗೆ ಕಾಲಿಡುವ ಮೊದಲು ಬಾಗಿಲಿಗೆ ಸಾರಿ ಹೇಳಿದರು. ಗಾಜಿನ ಬಾಗಿಲು. ತಳ್ಳಬೇಕಾದ್ದನ್ನು ಎಳೆದಿದ್ದರು, ಅದು ಜಗ್ಗಲಿಲ್ಲ. "ಸಾರಿ, ಸಾರಿ" ಎಂದು ಬಾಗಿಲಿಗೆ ಹೇಳಿ, ನಾನು ಹೋಗಿ ತೆರೆದಾಗ ನನಗೂ ಒಂದು ಹೇಳಿ, ಬಿಟ್ಟ ಚಪ್ಪಲಿ ಯಾರದೋ ಶೂಗೆ ತಗುಲಿತೆಂದು ಆ ಶೂಗೂ ಒಂದು ಹೇಳಿ, ಕುರ್ಚಿಯ ತುದಿಯಲ್ಲಿ ಕುಳಿತರು. ಐವತ್ತೆಂಟು ವರ್ಷ ಇರಬಹುದು. ದಪ್ಪನೆಯ ಮೈಕಟ್ಟು, ಕೊರಳಲ್ಲಿ ಎರಡೆಳೆ ಸರ, ಕೈಯಲ್ಲಿ ಬಟ್ಟೆಯಂಗಡಿಯ ಚೀಲ.

"ಇಲ್ಲಿ ಮಂಡಿ ನೋವಿಗೆ ನೋಡ್ತಾರಾ ಮೇಡಂ?"

"ಇಲ್ಲಮ್ಮ, ಇದು ಮನಸ್ಸಿಗೆ. ಮಂಡಿಯದು ಪಕ್ಕದ ಬಿಲ್ಡಿಂಗು."

ಎದ್ದವರು ಹೋಗಲಿಲ್ಲ. ಗೋಡೆಯ ಮೇಲಿದ್ದ ಪೋಸ್ಟರನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದರು. ‘ನಿಮ್ಮ ಸ್ವಾಭಿಮಾನ ಕಡಿಮೆಯಾಗಿದೆಯೇ?’ ಎಂದು ನಮ್ಮ ಡಾಕ್ಟರು ಬರೆಸಿದ್ದ ಪೋಸ್ಟರು ಅದು.

"ಸ್ವಾಭಿಮಾನ ಜಾಸ್ತಿ ಮಾಡೋಕೂ ಡಾಕ್ಟ್ರಿದ್ದಾರಾ? ನಮ್ಮನೇಲಿ ಎಲ್ಲರಿಗೂ ಅದು ಜಾಸ್ತಿಯಾಗೇ ತೊಂದ್ರೆ ಆಗಿರೋದು. ಕಮ್ಮಿ ಮಾಡೋರು ಇದ್ರೆ ಹೇಳಿ, ಮೂರು ಜನಾನ ಕಳಿಸ್ತೀನಿ."

ಅದಲ್ಲ ಇದು, ನನ್ನ ಕೈಲಿ ಏನೂ ಆಗುವುದಿಲ್ಲ, ನಾನು ಯಾವುದಕ್ಕೂ ಸಾಲದವಳು ಅಂತ ಅನ್ನಿಸುತ್ತಿರುತ್ತದಲ್ಲ, ಅದಕ್ಕೆ, ಎಂದು ವಿವರಿಸಿದೆ. ಅವರ ಮುಖ ಅರಳಿತು.

"ಓ, ಅದಾ! ನಾನು ಲೆಕ್ಕಕ್ಕಿಲ್ಲದೋಳು ಅನ್ನೋದು. ಹಂಗೆ ಬರೀಬಾರದಾ ಮತ್ತೆ? ಅದು ನನಗೆ ಹುಟ್ಟಿದಾಗಿಂದ ಇದೆ. ಅದಕ್ಕೂ ಔಷಧಿ ಬಂತಾ?"

ಮಂಡಿ ನೋವು ಅಲ್ಲಿಗೇ ಮರೆತುಹೋಯಿತು. ಅವರು ನಮ್ಮಲ್ಲಿ ಹೆಸರು ಬರೆಸಿದರು. ಮುಂದಿನ ವಾರ ಡಾಕ್ಟರು ಹಳೆಯ ಪೋಸ್ಟರು ತೆಗೆಸಿ ‘ನಾನು ಲೆಕ್ಕಕ್ಕಿಲ್ಲ ಅನ್ನಿಸುತ್ತದೆಯೇ?’ ಎಂದು ಹೊಸದು ಹಾಕಿಸಿದರು. ಅದುವರೆಗೆ ಫೋನು ಮಾಡದಿದ್ದ ಜನ ಫೋನು ಮಾಡತೊಡಗಿದರು. ಆ ಪದ ಎಲ್ಲಿಂದ ಬಂತೆಂದು ಡಾಕ್ಟರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗ ನನಗೆ ಹೇಳಬೇಕಾದ್ದನ್ನು ಹೇಳುವ ಅಭ್ಯಾಸವಿರಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಿ ಮುಗಿಸಿಬಿಡುತ್ತೇನೆ. ಹಲಸೂರಿನ ನಮ್ಮ ಮನೆಯಲ್ಲಿ ಬುದ್ಧನ ಫೋಟೋದ ಪಕ್ಕ ನನ್ನ ಎಂ.ಎ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಪ್ಪ ತೂಗುಹಾಕಿದ್ದಾರೆ. ಬಂದವರೆಲ್ಲ ಎರಡಕ್ಕೂ ಕೈಮುಗಿಯಬೇಕು ಅನ್ನುವ ಹಾಗೆ. ಅಂಥ ನಾನು ಇಂದಿರಾನಗರದ ಆ ಸೆಂಟರಿನಲ್ಲಿ, ಬೇಕರಿಯ ಮೇಲಿನ ಮೊದಲ ಮಹಡಿಯಲ್ಲಿ, ಸಂಶೋಧನಾ ಸಹಾಯಕಿ ಎಂಬ ದೊಡ್ಡ ಹೆಸರಿನ ಸಣ್ಣ ಕೆಲಸದಲ್ಲಿದ್ದೆ. ಮೀಟಿಂಗಿನಲ್ಲಿ ಡಾಕ್ಟರು "ನಿನಗೇನನ್ಸುತ್ತೆ?" ಎಂದರೆ "ನೀವು ಹೇಳಿದ್ದೇ ಸರಿ ಮೇಡಂ" ಎನ್ನುವುದು ನನ್ನ ಅಭಿಪ್ರಾಯವಾಗಿತ್ತು.

ಡಾಕ್ಟರು ಮಾಡಲು ಹೊರಟದ್ದು ಒಂದು ಸಣ್ಣ ಹೋಲಿಕೆ. ತಮ್ಮನ್ನು ತಾವೇ ಕೀಳಾಗಿ ಕಾಣುವವರಿಗೆ ಎರಡು ಬಗೆಯ ಚಿಕಿತ್ಸೆಗಳಲ್ಲಿ ಯಾವುದು ಹೆಚ್ಚು ನೆರವಾಗುತ್ತದೆ ಎಂದು ನೋಡುವುದು. ಒಂದರಲ್ಲಿ, ನಮ್ಮ ಬಗ್ಗೆ ನಮಗೇ ಬರುವ ಕೆಟ್ಟ ಯೋಚನೆಯನ್ನು ಪುಸ್ತಕದಲ್ಲಿ ಬರೆದು, ಅದು ನಿಜ ಎನ್ನಲು ಏನು ಸಾಕ್ಷಿ, ಸುಳ್ಳು ಎನ್ನಲು ಏನು ಸಾಕ್ಷಿ ಎಂದು ಎರಡು ಸಾಲು ಎಳೆದು ತೂಗಿ ನೋಡಬೇಕು. ಇನ್ನೊಂದರಲ್ಲಿ ಬರೆಯುವುದೇನಿಲ್ಲ. ಯಾವ ಹಳೆಯ ಅವಮಾನದಿಂದ ಇದೆಲ್ಲ ಶುರುವಾಯಿತೋ ಅದನ್ನು ಮನಸ್ಸಿಗೆ ತಂದುಕೊಂಡು, ಕೌನ್ಸೆಲರು ಎಡಕ್ಕೂ ಬಲಕ್ಕೂ ಆಡಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಹಾಗೆ ಮಾಡುತ್ತ ಮಾಡುತ್ತ ನೆನಪಿನ ಉರಿ ಇಳಿಯುತ್ತದೆ ಎಂಬ ನಂಬಿಕೆ. ಎರಡಕ್ಕೂ ಉದ್ದುದ್ದ ಇಂಗ್ಲಿಷ್ ಹೆಸರುಗಳಿವೆ. ಬಂದವರು ಅವನ್ನು ಎರಡೇ ದಿನದಲ್ಲಿ ‘ಪುಸ್ತಕ’ ಮತ್ತು ‘ಬೆರಳು’ ಮಾಡಿಬಿಟ್ಟರು.

ಯಾರಿಗೆ ಯಾವುದು ಎಂಬುದನ್ನು ಮುಚ್ಚಿದ ಲಕೋಟೆ ತೀರ್ಮಾನಿಸುತ್ತಿತ್ತು. ಒಂದು ಗುಂಪಿನವರು ಇನ್ನೊಂದು ಗುಂಪಿನವರ ಜೊತೆ ಚಿಕಿತ್ಸೆಯ ಮಾತೆತ್ತಬಾರದು. ಎತ್ತಿದರೆ ಹೋಲಿಕೆಯೇ ಕೆಡುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಜೊತೆಗೆ ವಾರವಾರ ಎಲ್ಲರಿಗೂ ಒಂದು ಪ್ರಶ್ನೆಗಳ ಫಾರಂ ತುಂಬಿಸುವುದು.

ಅವರ ಲಕೋಟೆಯಲ್ಲಿ ‘ಪುಸ್ತಕ’ ಬಂತು.

ಹೆಸರು ನಾನು ಇಲ್ಲಿ ಬರೆಯುವುದಿಲ್ಲ. "ನಾನು ಹೋದ್ಮೇಲೆ ಬೇಕಾದ್ರೆ ಬರ್ಕೋ, ಹೆಸರು ಮಾತ್ರ ಹಾಕ್ಬೇಡ, ನೆಂಟರು ಓದ್ಬಿಡ್ತಾರೆ" ಎಂದು ಅವರೇ ಒಮ್ಮೆ ಅಂದಿದ್ದರು. ಟಿನ್ ಫ್ಯಾಕ್ಟರಿಯ ಆಚೆಗಿನ ಒಂದು ಹಳೆಯ ಹಳ್ಳಿಯವರು. ಅದು ಈಗ ಹೆಸರಿಗೆ ಮಾತ್ರ ಹಳ್ಳಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಪಿ.ಜಿ.ಗಳು ಎದ್ದಿವೆ, ಅದರಲ್ಲಿ ಎರಡು ಅವರ ಮನೆಯವರದೇ. ಆದರೂ ಅವರು ಬರುತ್ತಿದ್ದುದು ಬಸ್ಸಿನಲ್ಲಿ, ಅದೂ ಸೀಟು ಖಾಲಿಯಿದ್ದರೂ ನಿಂತುಕೊಂಡು. ಕೇಳಿದರೆ, "ಆಮೇಲೆ ಯಾರಾದ್ರೂ ಹತ್ತಿದ್ರೆ ಏಳ್ಬೇಕಲ್ಲ, ಮೊದ್ಲೇ ನಿಂತಿದ್ರೆ ತಾಪತ್ರಯ ಇಲ್ಲ" ಎನ್ನುತ್ತಿದ್ದರು.

ಫಾರಂ ತುಂಬಿಸುವುದು ಒಂದು ಯುದ್ಧ. ‘ನಾಲ್ಕು ಜನರ ನಡುವೆ ನಾನು ಆಡುವ ಮಾತಿಗೆ ಬೆಲೆ ಇರುತ್ತದೆ’ ಎಂದು ನಾನು ಓದಿದರೆ, "ಯಾವ ನಾಲ್ಕು ಜನ?" ಎನ್ನುವರು.

"ಯಾರಾದ್ರೂ ಸರಿ ಅಮ್ಮ."

"ಹಂಗೆಲ್ಲ ಹೇಳಕ್ಕಾಗಲ್ಲ. ನಮ್ಮೆಜಮಾನ್ರು, ಮೈದುನ, ಮಗ, ಸೊಸೆ ಆದ್ರೆ ಬೆಲೆ ಇಲ್ಲ. ತರಕಾರಿಯವನು, ಗ್ಯಾಸಿನವನು, ಪಿ.ಜಿ. ಹುಡುಗೀರು ಆದ್ರೆ ತುಂಬಾ ಇದೆ. ನೀನು ಎರಡು ಫಾರಂ ಇಡ್ಬೇಕಾಗಿತ್ತು."

ಎರಡನೇ ವಾರಕ್ಕೆ ನಾನು ‘ಮೇಡಂ’ನಿಂದ ‘ನೀನು’ ಆಗಿದ್ದೆ. ಮೂರನೇ ವಾರಕ್ಕೆ ‘ಮಗಾ’.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರಿಂದ ಅವರ ಬರವಣಿಗೆ ನಿಧಾನ. ಆದರೆ ಪುಸ್ತಕ ಮಾತ್ರ ತಪ್ಪದೆ ತರುತ್ತಿದ್ದರು. ಮೇಲುಗಡೆ ಯೋಚನೆ: ನಾನು ದಡ್ಡಿ. ಎಡಗಡೆ, ನಿಜ ಎನ್ನಲು ಸಾಕ್ಷಿ: ಕುಕ್ಕರಿಗೆ ನೀರು ಹಾಕದೆ ಇಟ್ಟೆ. ಬಲಗಡೆ, ಸುಳ್ಳು ಎನ್ನಲು ಸಾಕ್ಷಿ: ಎದುರುಮನೆಯವಳು ಬೇಳೆಯನ್ನೇ ಹಾಕದೆ ಇಟ್ಟಳು. ಮಾರನೆಯ ಪುಟದಲ್ಲೂ ಎದುರುಮನೆಯವಳು. ಅದರ ಮಾರನೆಯದರಲ್ಲೂ ಅವಳೇ. ಪಾಪ, ಆಕೆಗೆ ಗೊತ್ತಿಲ್ಲದೆ ಆಕೆಯ ದಡ್ಡತನದ ಚರಿತ್ರೆಯೇ ತಯಾರಾಗುತ್ತಿತ್ತು. ಕೌನ್ಸೆಲರು, ಬೇರೆಯವರ ಜೊತೆ ಹೋಲಿಸಿಕೊಳ್ಳಬಾರದಮ್ಮ, ಹೋಲಿಕೆಯಿಂದಲೇ ಈ ತೊಂದರೆ ಬರೋದು ಎಂದು ತಿಳಿಹೇಳಿದರು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡು, ಸಾರಿ ಹೇಳಿ, ಆಮೇಲೆ ಮೆಲ್ಲಗೆ ಕೇಳಿದರಂತೆ: "ಮತ್ತೆ ನೀವು ಪುಸ್ತಕಾನೂ ಬೆರಳನ್ನೂ ಹೋಲಿಸ್ತಾ ಇದೀರಲ್ಲ, ಅವಕ್ಕೆ ಬೇಜಾರಾಗಲ್ವಾ?"

ಕೌನ್ಸೆಲರು ಹೊರಗೆ ಬಂದು ನೀರು ಕುಡಿದದ್ದನ್ನು ನಾನು ನೋಡಿದೆ.

ಇನ್ನೊಂದು ಗುಂಪಿನಲ್ಲಿ ಶಿವಾಜಿನಗರದ ಒಬ್ಬ ಟೈಲರಿದ್ದರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಕೋಟು ಹೊಲಿಯುವುದರಲ್ಲಿ ಹೆಸರುವಾಸಿ. ಈಗ ಕೋಟು ಹೊಲಿಸುವವರಿಲ್ಲದೆ ಅಂಗಡಿ ಮುಚ್ಚಿ, ಯಾರದೋ ಶೋರೂಮಿನಲ್ಲಿ ಪ್ಯಾಂಟಿನ ಕಾಲು ಮಡಚಿ ಹೊಲಿಯುವ ಕೆಲಸ. ಒಬ್ಬ ಗಿರಾಕಿ ಜನರ ಮುಂದೆ ಕೋಟನ್ನು ಮಾಸ್ಟರ ಮುಖದ ಮೇಲೆ ಎಸೆದಿದ್ದನಂತೆ. ಬೆರಳಿನ ಚಿಕಿತ್ಸೆಯಲ್ಲಿ ವಾರವಾರ ಆ ಕೋಟು ಬಂದು ಮುಖಕ್ಕೆ ಬೀಳಬೇಕು. ಅವರಿಗೆ ಅದು ಬೇಡವಾಗಿತ್ತು.

ಒಂದು ಗುರುವಾರ ಸಂಜೆ ಬನ್ನು ತರಲು ಕೆಳಗಿನ ಬೇಕರಿಗೆ ಇಳಿದೆ. ಮೂಲೆಯ ಬೆಂಚಿನ ಮೇಲೆ ಮಾಸ್ಟರು ಕುಳಿತಿದ್ದರು. ಅವರ ಎದುರಿಗೆ, ಪುಸ್ತಕದ ಗುಂಪಿನ ಇವರು. ಮಾಸ್ಟರು ತೋರುಬೆರಳೆತ್ತಿ ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದಾರೆ. ಇವರು ಕತ್ತು ನೆಟ್ಟಗಿಟ್ಟು ಕಣ್ಣನ್ನಷ್ಟೇ ಓಡಿಸುತ್ತಿದ್ದಾರೆ. ಪಫ್ ತಿನ್ನುತ್ತಿದ್ದ ಇಬ್ಬರು ಹುಡುಗಿಯರ ಕಣ್ಣೂ ಬೆರಳಿನ ಹಿಂದೆ ಹೋಗುತ್ತಿತ್ತು. ಬೇಕರಿಯವನು ಚಿಲ್ಲರೆ ಕೊಡುವುದನ್ನು ಮರೆತು ನಿಂತಿದ್ದ. ಇವರ ಪುಸ್ತಕ ಮಾಸ್ಟರ ತೊಡೆಯ ಮೇಲಿತ್ತು.

ಬನ್ನು ಮರೆತು ಅವರ ಮುಂದೆ ಹೋಗಿ ನಿಂತೆ. "ಅಮ್ಮಾ, ಏನಿದು?"

ಮಾಸ್ಟರು ಬೆರಳನ್ನು ಜೇಬಿಗೆ ಹಾಕಿಕೊಂಡರು. "ಅರೆ, ಏನಿಲ್ಲ ಬೇಟಿ. ಅವರದು ನಾನು ಸ್ವಲ್ಪ ಮಾಡ್ತೀನಿ, ನನ್ನದು ಅವರು ಸ್ವಲ್ಪ ಮಾಡ್ತಾರೆ. ಅಷ್ಟೇ."

"ಚಿಕಿತ್ಸೆ ಅದಲು ಬದಲು ಮಾಡ್ಕೊಂಡಿದೀರಾ?"

"ಅದಲು ಬದಲು ಅಲ್ಲ ಮಗಾ," ಎಂದರು ಇವರು. "ರುಚಿ ನೋಡ್ತಾ ಇದೀವಿ. ನೀವು ಎರಡು ಅಡುಗೆ ಮಾಡಿ, ಒಬ್ರಿಗೆ ಒಂದೇ ಬಡಿಸಿ, ಯಾವ್ದು ಚೆನ್ನಾಗಿದೆ ಅಂತ ಕೇಳಿದ್ರೆ ನಾವಾದ್ರೂ ಏನು ಹೇಳೋದು?"

ನಾನು ಅಂದೇ ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಇನ್ನು ಮಾಡಬೇಡಿ ಎಂದು ಬೇಡಿಕೊಂಡೆ. ಇಬ್ಬರೂ ಕೈ ಮೇಲೆ ಕೈ ಹಾಕಿ ಆಣೆ ಮಾಡಿದರು. ಮುಂದಿನ ಗುರುವಾರ ನಾನು ಇಳಿದು ಬರುವ ಹೊತ್ತಿಗೆ ಸರಿಯಾಗಿ ಮುಗಿಸಿ, ಬೆಣ್ಣೆ ಬಿಸ್ಕತ್ತು ತಿನ್ನುತ್ತ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಇಬ್ಬರೂ ಅಷ್ಟು ಶ್ರದ್ಧೆಯಿಂದ ಹವಾಮಾನದ ಬಗ್ಗೆ ಮಾತಾಡುವುದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಮೂರನೆಯ ಗುರುವಾರ ಮಾಸ್ಟರೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. "ಬೇಟಿ, ಬೇಗ ಬಾ. ಅಮ್ಮ ಅಳ್ತಾ ಇದಾರೆ, ನಿಲ್ಲಿಸ್ತಾನೇ ಇಲ್ಲ."

ಓಡಿದೆ. ಬೆಂಚಿನ ಮೇಲೆ ಅವರು ತಮ್ಮ ಬಲಗೈ ಹೆಬ್ಬೆರಳನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಅಳುತ್ತಿದ್ದರು. ಪಕ್ಕದಲ್ಲಿ ಕುಳಿತು ನೀರು ಕುಡಿಸಿದೆ. ಅಳು ಇಳಿದ ಮೇಲೆ ಹೇಳಿದರು.

ಮದುವೆಯಾದ ಹೊಸತು. ಜಮೀನಿನ ಯಾವುದೋ ಪತ್ರಕ್ಕೆ ಸಹಿ ಬೇಕೆಂದು ಮಾವ ಎಲ್ಲರನ್ನೂ ನೋಂದಣಿ ಕಚೇರಿಗೆ ಕರೆದೊಯ್ದಿದ್ದರು. ಇವರಿಗೆ ಓದು ಕಡಿಮೆಯಾದರೂ ಹೆಸರು ಬರೆಯಲು ಬರುತ್ತಿತ್ತು. ಹಿಂದಿನ ದಿನವೆಲ್ಲ ಒಲೆಯ ಮುಂದೆ ಇದ್ದಿಲಿನಲ್ಲಿ ಬರೆದು ಬರೆದು ರೂಢಿ ಮಾಡಿಕೊಂಡಿದ್ದರು. ಸರದಿ ಬಂದಾಗ ಪೆನ್ನಿಗೆ ಕೈ ಚಾಚಿದರು. ಮಾವ ಆ ಕೈಯನ್ನೇ ಹಿಡಿದು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ಕಾಗದಕ್ಕೆ ಒತ್ತಿ, "ಇವಳಿಗೇನು ಬರ್ತದೆ, ಮುಂದಿನೋರು ಬನ್ನಿ" ಎಂದರು. ಸುತ್ತ ಇದ್ದವರು ನಕ್ಕರು. ಗಂಡನೂ ನಕ್ಕರು.

"ನನಗೆ ಬರ್ತದೆ ಅಂತ ಒಂದು ಮಾತು ಹೇಳಿದ್ರೆ ಆಗಿತ್ತು ಮಗಾ. ಹೇಳ್ಲಿಲ್ಲ. ಆಮೇಲೆ ಯಾವತ್ತೂ ಹೇಳ್ಲೇ ಇಲ್ಲ."

ಮಾಸ್ಟರು ಪಕ್ಕದಲ್ಲಿ ನಿಂತು ತಮ್ಮ ಬೆರಳನ್ನೇ ಅಪರಾಧಿಯನ್ನು ನೋಡುವಂತೆ ನೋಡಿಕೊಳ್ಳುತ್ತಿದ್ದರು.

ಅಂದು ನಾನು ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಇನ್ನು ಸುಮ್ಮನಿರುವುದು ತಪ್ಪು ಎಂದು ನನಗೆ ಗೊತ್ತಿತ್ತು. ಮಾರನೆಯ ದಿನದ ಮೀಟಿಂಗಿನಲ್ಲಿ ಡಾಕ್ಟರು ಫಾರಂಗಳನ್ನು ಹರಡಿಕೊಂಡು, "ನೋಡಿ, ಪುಸ್ತಕದ ಗುಂಪಿನಲ್ಲಿ ಈ ಅಮ್ಮ ಎಷ್ಟು ಚೇತರಿಸ್ಕೊಂಡಿದ್ದಾರೆ! ಇವರ ಕೇಸನ್ನ ಬೇರೆಯಾಗಿ ಬರೀಬೇಕು" ಎಂದು ಸಂಭ್ರಮಪಟ್ಟರು. ನನಗೇನನ್ನಿಸುತ್ತದೆ ಎಂದೂ ಕೇಳಿದರು. ನೀವು ಹೇಳಿದ್ದೇ ಸರಿ ಮೇಡಂ, ಎಂದೆ.

ಮುಂದಿನ ಸಲ ಫಾರಂ ತುಂಬಿಸುವಾಗ ಇದನ್ನು ಆ ಅಮ್ಮನಿಗೆ ಹೇಳಿಬಿಟ್ಟೆ. ಅವರು ಕೈಲಿದ್ದ ಪೆನ್ನು ಕೆಳಗಿಟ್ಟರು.

"ನೀನು ಯಾಕೆ ಹೇಳ್ಲಿಲ್ಲ?"

"ಬೈತಾರೆ ಅಂತ ಹೆದರಿಕೆ ಆಯ್ತಮ್ಮ. ಕೆಲಸ ಹೋಗ್ಬಹುದು."

"ಮೊದಲ್ನೇ ದಿನವೇ ಹೇಳಿದ್ರೂ ಹೋಗ್ತಿತ್ತಾ?"

"ಇಲ್ಲ... ಆಗ ಸುಮ್ನೆ ಬಾಯಿ ಬರ್ಲಿಲ್ಲ."

ಅವರು ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಖಾಲಿ ಫಾರಂ ಒಂದನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು, ನಾನು ಕೂರುವಂತೆಯೇ ಬೆನ್ನು ನೆಟ್ಟಗೆ ಮಾಡಿ ಕುಳಿತರು.

"ಮೊದಲ್ನೇದು. ನಾಲ್ಕು ಜನರ ನಡುವೆ ನಾನು ಆಡುವ ಮಾತಿಗೆ ಬೆಲೆ ಇರುತ್ತದೆ. ಹೇಳು, ಒಪ್ತೀಯಾ, ಸ್ವಲ್ಪ ಒಪ್ತೀಯಾ, ಒಪ್ಪಲ್ವಾ?"

"ಅಮ್ಮಾ, ಇದು ನಿಮಗೆ..."

"ಯೋಚನೆ ಮಾಡ್ಬೇಡಿ, ಮನಸ್ಸಿಗೆ ಮೊದಲು ಬಂದಿದ್ದು ಹೇಳಿ," ಎಂದರು ಥೇಟ್ ನನ್ನ ದನಿಯಲ್ಲಿ.

ನಗುತ್ತಲೇ ಶುರುಮಾಡಿದೆ. ಒಪ್ಪಲ್ಲ. ಸ್ವಲ್ಪ ಒಪ್ತೀನಿ. ಒಪ್ಪಲ್ಲ. ‘ಹೊಸಬರ ಮುಂದೆ ನನ್ನ ಮನೆ, ನನ್ನ ಮಂದಿಯ ಬಗ್ಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ’ ಎಂಬಲ್ಲಿಗೆ ಬಂದಾಗ ನಗು ನಿಂತಿತು. ನಿಮ್ಮದು ಯಾವ ಕಡೆ, ಯಾವ ಮಂದಿ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು "ಇಲ್ಲೇ ಹಲಸೂರು" ಎಂದು ಹೇಳಿ ಫೋನು ಬಂದವಳಂತೆ ಎದ್ದುಹೋಗುತ್ತಿದ್ದೆ. ಅವರು ನಾನು ಉತ್ತರಿಸುವವರೆಗೂ ಕಾದರು. ಒಪ್ಪಲ್ಲ, ಎಂದೆ. ಗುರುತು ಹಾಕಿಕೊಂಡರು.

ಕೊನೆಗೆ ಬೆರಳು ಮಡಚಿ ಕೂಡಿದರು. ಇನ್ನೊಮ್ಮೆ ಕೂಡಿದರು. ಮುಖದ ತುಂಬ ಸಂತೋಷ ಉಕ್ಕಿತು.

"ಅಯ್ಯೋ ಮಗಾ! ನಿಂದು ನಾನು ಮೊದಲನೇ ದಿನ ತಗೊಂಡಿದ್ದಕ್ಕಿಂತ ಕಮ್ಮಿ ಕಣೇ!"

ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ. ಇಬ್ಬರೂ ಎಷ್ಟು ನಕ್ಕೆವೆಂದರೆ ಒಳಗಿದ್ದ ಕೌನ್ಸೆಲರು ಬಾಗಿಲು ತೆರೆದು ನೋಡಿ ಮುಚ್ಚಿದರು. ನಗು ಇಳಿದ ಮೇಲೆ ಅವರು ಕಣ್ಣೊರೆಸಿಕೊಂಡು, "ನಡಿ. ಈಗ್ಲೇ ಹೋಗಿ ಹೇಳು. ನಾನು ಆಚೆ ಕೂತಿರ್ತೀನಿ. ನೀನು ಹೇಳದೆ ಬಂದ್ರೆ ನಾನೇ ಹೋಗಿ ಹೇಳ್ತೀನಿ, ಆಗ ಇಬ್ರಿಗೂ ಮಾನ ಹೋಗ್ತದೆ" ಎಂದರು.

ಹೋದೆ. ಹೇಳಿದೆ. ಬೇಕರಿ, ಬೆಂಚು, ಬೆರಳು, ಅಳು, ನಾನು ಮುಚ್ಚಿಟ್ಟ ಮೂರು ವಾರ, ಎಲ್ಲವನ್ನೂ. ಡಾಕ್ಟರು ಕೂಗಾಡಲಿಲ್ಲ; ಕೂಗಾಡಿದ್ದರೆ ಚೆನ್ನಾಗಿತ್ತು.

"ಹೋಲಿಕೆ ಹಾಳಾಗಿದ್ದು ಹಾಗಿರ್ಲಿ," ಎಂದರು. "ಹಳೇ ನೋವನ್ನ ಕೆದಕೋದು ಆಟ ಅಲ್ಲ. ಕೆದಕಿದ ಮೇಲೆ ಮುಚ್ಚೋಕೆ ಗೊತ್ತಿರೋರು ಪಕ್ಕದಲ್ಲಿರ್ಬೇಕು. ಆ ಅಮ್ಮನಿಗೆ ಬೆಂಚಿನ ಮೇಲೆ ಏನಾದ್ರೂ ಆಗಿದ್ರೆ ನೀನೇನು ಮಾಡ್ತಿದ್ದೆ?"

ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಡಲು ಹೇಳಿದರು. ಅವರಿಬ್ಬರನ್ನೂ ಹೋಲಿಕೆಯಿಂದ ತೆಗೆದರು. ಚಿಕಿತ್ಸೆ ಮಾತ್ರ ನಿಲ್ಲಿಸಲಿಲ್ಲ. ಆ ಅಮ್ಮನನ್ನು ಒಳಗೆ ಕರೆಸಿ ಕೂರಿಸಿಕೊಂಡು, ಅರ್ಧಕ್ಕೆ ನಿಂತ ಆ ನೆನಪಿನ ಕೆಲಸವನ್ನು ಸರಿಯಾದ ಕೌನ್ಸೆಲರ ಕೈಯಲ್ಲೇ ಮುಗಿಸೋಣ ಎಂದರು. ಕೆಲಸದಲ್ಲಿ ನನ್ನನ್ನು ಉಳಿಸಿಕೊಂಡರು. ಅದಕ್ಕೆ ಕಾರಣ ಕೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ.

ಆ ಅಮ್ಮ ಹೊರಡುವ ಮುಂಚೆ ಡಾಕ್ಟರೇ ತಡೆಯಲಾಗದೆ ಕೇಳಿದರು: "ಅಮ್ಮ, ಇಷ್ಟೆಲ್ಲ ಮಾಡಿದ್ರಲ್ಲ. ಎರಡರಲ್ಲಿ ಯಾವುದು ಮೇಲು ಅನ್ಸಿತು?"

ಅವರು ಸಾರಿ ಹೇಳಲಿಲ್ಲ. ಸ್ವಲ್ಪ ಯೋಚಿಸಿದರು.

"ಪುಸ್ತಕದ್ದು ಸೊಪ್ಪು ಬಿಡಿಸಿದ ಹಂಗೆ ಮೇಡಂ. ಒಂದೊಂದೇ ಎಲೆ ಎತ್ತಿ ನೋಡ್ಬೇಕು, ಕೊಳೆತಿದ್ದು ಆ ಕಡೆ, ಚೆನ್ನಾಗಿರೋದು ಈ ಕಡೆ. ಬೇಜಾರು, ಆದ್ರೆ ಕೊನೆಗೆ ಸಾರಿಗೆ ಆಗೋವಷ್ಟು ಸೊಪ್ಪು ಸಿಗ್ತದೆ. ಬೆರಳಿಂದು ಮುಳ್ಳು ತೆಗೆದ ಹಂಗೆ. ತೆಗೆಯೋವಾಗ ಪ್ರಾಣ ಹೋಗ್ತದೆ, ಆಮೇಲೆ ನಡೆಯೋಕಾಗ್ತದೆ. ಕಾಲಲ್ಲಿ ಮುಳ್ಳಿರೋಳನ್ನ ಕೂರಿಸ್ಕೊಂಡು ಸೊಪ್ಪು ಬಿಡಿಸು ಅಂದ್ರೆ ಹೆಂಗೆ? ಸೊಪ್ಪಿನ ರಾಶಿ ಮುಂದೆ ಕೂತಿರೋ ಆ ಮಾಸ್ಟರಿಗೆ ಕಾಲು ಕೊಡು ಅಂದ್ರೆ ಹೆಂಗೆ?"

ಡಾಕ್ಟರು ಅದನ್ನು ಬರೆದುಕೊಂಡರು. ಹೋಲಿಕೆಯ ಫಲ ಕೊನೆಗೆ ಏನಾಯಿತು ಎಂದು ಹೇಳಬೇಕಾದವರು ಅವರು, ನಾನಲ್ಲ. ಮಾಸ್ಟರಿಗೆ ಮಾತ್ರ ಲಕೋಟೆಯ ಕಟ್ಟು ತಪ್ಪಿದ್ದರಿಂದ ಪುಸ್ತಕ ಸಿಕ್ಕಿತು. ಅದರ ಬಲಗಡೆಯ ಸಾಲಿನಲ್ಲಿ ತಾವು ಹೊಲಿದ ಒಂದೊಂದು ಕೋಟನ್ನೂ ನೆನೆದು ಬರೆದರು. ಪುಸ್ತಕ ಸಾಲದೆ ಇನ್ನೊಂದು ಕೇಳಿದರು.

ಆ ಅಮ್ಮನ ಚಿಕಿತ್ಸೆ ಮುಗಿದು ಕೆಲವು ತಿಂಗಳಾಗಿರಬೇಕು. ಒಂದು ಶುಕ್ರವಾರ ಮಧ್ಯಾಹ್ನ ಸೆಂಟರಿಗೆ ಬಂದರು. ಬಾಗಿಲು ತಳ್ಳಿಕೊಂಡೇ ಬಂದರು. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ.

"ಇವತ್ತು ನೋಂದಣಿ ಕಚೇರೀಲಿ ನಮ್ಮನೆ ಭಾಗದ ಪತ್ರ ಆಯ್ತು ಮಗಾ. ನಮ್ಮೆಜಮಾನ್ರು, ಮೈದುನ, ಮಗ ಎಲ್ರೂ ಇದ್ರು. ಹತ್ತೂವರೆಗೆ ರಾಹುಕಾಲ, ಅಷ್ಟರಲ್ಲಿ ಸಹಿ ಎಲ್ಲ ಆಗಿಬಿಡ್ಬೇಕು ಅಂತ ಮೈದುನ ಗಡಿಯಾರ ನೋಡ್ಕೊಂಡು ಕುಣೀತಾ ಇದ್ದ. ಹತ್ತೂಕಾಲಿಗೆ ನನ್ನ ಸರದಿ ಬಂತು. ಅಲ್ಲಿನ ಗುಮಾಸ್ತ, ಪಾಪ ಒಳ್ಳೇ ಹುಡುಗ, ‘ಇಲ್ಲಿ ಹೆಬ್ಬೆಟ್ಟು ಇಡ್ತೀರಾ, ಸಹಿ ಮಾಡ್ತೀರಾ ಅಮ್ಮ?’ ಅಂದ. ನಮ್ಮೆಜಮಾನ್ರು ಬಾಯಿ ತೆಗೆದ್ರು. ನಾನು ಅವ್ರಿಗಿಂತ ಮುಂಚೆ ಹೇಳ್ಬಿಟ್ಟೆ, ‘ನನಗೆ ಬರ್ತದಪ್ಪ, ಕೊಡು ಪೆನ್ನು.’"

"ಆಮೇಲೆ?"

"ಆಮೇಲೇನು, ಬರೆದೆ. ನನ್ನ ಹೆಸರು, ಯಜಮಾನ್ರ ಹೆಸರು, ಊರು. ಪೂರ್ತಿ, ದೀರ್ಘ ಕೊಂಬು ಒಂದೂ ಬಿಡದೆ. ಹನ್ನೆರಡು ಹಾಳೆ. ಮೈದುನ, ‘ಅತ್ಗೆ, ಚಿಕ್ಕದಾಗಿ ಹಾಕಿ ಅತ್ಗೆ, ರಾಹುಕಾಲ ಬಂದ್ಬಿಡ್ತದೆ’ ಅಂದ. ಬಂದ್ರೆ ಬರ್ಲಿ ಬಿಡಪ್ಪ, ಅವನ ಹಾಳೇಲೂ ಒಂದು ಸಹಿ ಹಾಕ್ಕೊಡ್ತೀನಿ ಅಂದೆ."

"ಎಷ್ಟು ಹೊತ್ತಿಗೆ ಮುಗೀತು?"

"ಹತ್ತೂ ಐವತ್ತು," ಎಂದರು ತೃಪ್ತಿಯಿಂದ. "ಅದಲ್ಲ ತಮಾಷೆ. ಈಗ ಅದ್ಯಾವ್ದೋ ಮಿಷನ್ ಬಂದಿದೆಯಲ್ಲ, ಕೊನೆಗೆ ಎಲ್ರೂ ಅದರ ಮೇಲೆ ಹೆಬ್ಬೆರಳು ಒತ್ಲೇಬೇಕಂತೆ. ನನ್ನ ಮಗ ಸಿವಿಲ್ ಇಂಜಿನಿಯರ್ರು ಮಗಾ. ಅವನೂ ಹೆಬ್ಬೆಟ್ಟೇ!"

ಕಳೆದ ತಿಂಗಳು ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಸೊಸೆ. ಅತ್ತೆ ಹೃದಯಾಘಾತವಾಗಿ ತೀರಿಕೊಂಡು ಹತ್ತು ದಿನವಾಯಿತು, ನಾಳೆ ತಿಥಿ, ನೀವು ಬರಲೇಬೇಕು ಎಂದಳು. ಫೋನು ಹಿಡಿದುಕೊಂಡೇ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆ.

ತಿಥಿಯ ಮನೆಯ ಮುಂದೆ ಶಾಮಿಯಾನ. ಮಾಸ್ಟರು ಆಗಲೇ ಬಂದು, ಬಿಳಿ ಜುಬ್ಬಾ ತೊಟ್ಟು, ಮೂವರು ಮುದುಕರ ನಡುವೆ ಸಿಕ್ಕಿಕೊಂಡಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದು ಪಿಸುಗುಟ್ಟಿದರು. "ಬೇಟಿ, ನನ್ನ ಬಗ್ಗೆ ಅಮ್ಮ ಇಲ್ಲಿ ಏನು ಹೇಳಿದ್ದಾರೆ ಗೊತ್ತಾ? ನಾನು ಕಣ್ಣಿನ ಡಾಕ್ಟ್ರಂತೆ! ಬಂದಾಗಿಂದ ಎಲ್ರೂ ಪೊರೆ ತೋರಿಸ್ತಾ ಇದಾರೆ."

ನಗಬಾರದ ಜಾಗ. ತುಟಿ ಕಚ್ಚಿಕೊಂಡು ಫೋಟೋಕ್ಕೆ ಹೂ ಹಾಕಿ ಬಂದೆ. ಸೊಸೆ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಅಪಾರ ಮರುಕವಿತ್ತು.

"ಇಂದಿರಾನಗರದ ಹುಡುಗಿ ನೀವೇ ಅಲ್ವಾ? ಅತ್ತೆ ಯಾವಾಗ್ಲೂ ಹೇಳ್ತಿದ್ರು. ಪಾಪ, ಆ ಹುಡುಗಿಗೆ ತಾನು ಲೆಕ್ಕಕ್ಕಿಲ್ಲ ಅನ್ನೋ ಕಾಯಿಲೆ, ನಾನು ಹೋಗಿ ಕೂತ್ಕೊಂಡ್ರೆ ಸ್ವಲ್ಪ ಧೈರ್ಯ ಬರ್ತದೆ, ಡಾಕ್ಟ್ರೇ ಹೇಳಿದ್ದಾರೆ ಅಂತ. ಆರು ತಿಂಗಳು ಎಷ್ಟು ದೂರ ಬಂದ್ರು ನೋಡಿ ನಿಮಗೋಸ್ಕರ. ಈಗ ಹೇಗಿದೀರಾ? ಪೂರ್ತಿ ವಾಸಿ ಆಯ್ತಾ?"

ಸುತ್ತ ಕುಳಿತಿದ್ದ ಹೆಂಗಸರೆಲ್ಲ ನನ್ನತ್ತ ತಿರುಗಿದರು. ನಮ್ಮಲ್ಲಿ ಚಿಕಿತ್ಸೆಗೆ ಬಂದವರು ಯಾರು ಎಂಬುದನ್ನು ಅವರ ಮನೆಯವರಿಗೂ ಬಿಟ್ಟುಕೊಡುವ ಹಾಗಿಲ್ಲ. ಇದು ಆ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ಈಗ ಪರವಾಗಿಲ್ಲ," ಎಂದೆ. "ಅವರಿಂದ್ಲೇ ವಾಸಿ ಆಯ್ತು."

ಹೇಳಿದ ಮೇಲೆ, ಇದರಲ್ಲಿ ಸುಳ್ಳೇನಿದೆ ಎಂದು ಹುಡುಕಿದೆ. ಸಿಗಲಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕದ ಅಜ್ಜಿ, ನಿಮ್ಮದು ಯಾವ ಕಡೆ ಮಗಾ, ಯಾವ ಜನ ಎಂದು ಕೇಳಿದರು. ಹಲಸೂರು ಅಜ್ಜಿ, ನಾವು ಬೌದ್ಧರು, ಎಂದು ಹೇಳಿ ಅಲ್ಲೇ ಕುಳಿತಿದ್ದೆ. ಅಜ್ಜಿ ಹೂಂ ಅಂದು, ಇನ್ನೊಂದು ವಡೆ ಹಾಕಿಸಿದರು.

ಊಟ ಮುಗಿದು ಕೈ ತೊಳೆಯುವಾಗ ಒಬ್ಬಾಕೆ ಹಿಂದೆ ಬಂದು ನಿಂತರು. ಬೆಳಗಿನಿಂದ ಅಡುಗೆಯವರನ್ನೂ ಶಾಮಿಯಾನದವರನ್ನೂ ಗದರಿಸುತ್ತ ಇಡೀ ಮನೆಯನ್ನು ಒಂದು ದನಿಯಲ್ಲಿ ಆಳುತ್ತಿದ್ದವರು, ಆ ಮೈದುನನ ಹೆಂಡತಿ. ಮೊಳಕೈವರೆಗೆ ಬಳೆ. ಅತ್ತ ಇತ್ತ ನೋಡಿ, ನಲ್ಲಿಯನ್ನು ಇನ್ನಷ್ಟು ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಕೇಳಿದರು.

"ನಿಂಗೆ ಮಾಡಿದ್ರಲ್ಲ, ಅದನ್ನ... ನನ್ನ ವಯಸ್ಸಿನೋರಿಗೂ ಮಾಡ್ತಾರಾ?"

"ಮಾಡ್ತಾರೆ ಆಂಟಿ," ಎಂದೆ.

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಸೋಮವಾರ ಬರ್ತೀನಿ. ಇಲ್ಲಿ ಯಾರಿಗೂ ಹೇಳ್ಬೇಡ. ಆ ಹುಡುಗಿಗೆ ಮತ್ತೆ ಶುರುವಾಗಿದೆಯಂತೆ, ನೋಡ್ಕೊಂಡ್ ಬರ್ತೀನಿ ಅಂತ ಹೇಳಿ ಬರ್ತೀನಿ."